ಮನೆಮಂದಿಯ ಪ್ರವಾಸಕ್ಕೊಂದು ವ್ಯಾನು

ದಸರಾ ರಜಾ ಬಂತೆಂದರೆ ಸಾಕು, ಮಕ್ಕಳದು ಒಂದೇ ರಾಗ: "ಅಮ್ಮಾ, ಎಲ್ಲಾದ್ರೂ ಹೋಗೋಣ!" ಅತ್ತೆಯವರಿಗೆ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ ಆಗಬೇಕು. ಮಾವನವರಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಯಜಮಾನರಿಗೆ ಜೋಗ ನೋಡುವ ಆಸೆ. ಮಗನಿಗೆ ಸಮುದ್ರದ ನೀರಿನಲ್ಲಿ ಆಡಬೇಕು. ಬಸ್ಸಿನಲ್ಲಿ ಹೋದರೆ ಇಷ್ಟೂ ಊರು ಮುಗಿಯುವಷ್ಟರಲ್ಲಿ ರಜವೇ ಮುಗಿದಿರುತ್ತದೆ. ಚಿಕ್ಕ ಕಾರಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ. ಕೊನೆಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಒಂದು ವ್ಯಾನು ಮಾಡ್ಕೊಂಡು ಹೋಗಿಬಿಡೋಣ್ರೀ."

ಮಾತು ಸರಿಯಾದದ್ದೇ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಲು ವ್ಯಾನಿನಷ್ಟು ಅನುಕೂಲದ ವಾಹನ ಇನ್ನೊಂದಿಲ್ಲ. ಆದರೆ ವ್ಯಾನು ಅಂದ ತಕ್ಷಣ ನಮ್ಮವರಿಗೆ ಇನ್ನೊಂದು ಚಪಲವೂ ಹುಟ್ಟುತ್ತದೆ. "ಹೇಗೂ ಜಾಗ ಇದೆಯಲ್ಲ, ನಾದಿನಿಯ ಮಕ್ಕಳೂ ಬರಲಿ, ಪಕ್ಕದ ಮನೆ ಅಜ್ಜಿಯೂ ಬರಲಿ" ಎನ್ನುತ್ತಾ ಐದು ಜನರ ಗಾಡಿಯಲ್ಲಿ ಒಂಬತ್ತು ಜನ! ಸುಖವಾಗಬೇಕಾದ ಪ್ರವಾಸ ಆಗ ಶಿಕ್ಷೆಯಾಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ವ್ಯಾನಿನ ಸುಖ ಇರುವುದು ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎನ್ನುವುದರಲ್ಲಲ್ಲ, ಎಷ್ಟು ಜಾಗ ಖಾಲಿ ಬಿಟ್ಟಿದ್ದೇವೆ ಎನ್ನುವುದರಲ್ಲಿ. ಈ ಲೆಕ್ಕವನ್ನು ಮನೆಯಲ್ಲಿ ಸರಿಯಾಗಿ ಹಾಕಬಲ್ಲವರು ಯಾರು? ದಿನವೂ ಅಕ್ಕಿ ಬೇಳೆಯ ಲೆಕ್ಕ ಹಾಕುವ ನೀವೇ!

ವ್ಯಾನು ಬಂದ ಬಗೆ

ನಮ್ಮ ಊರುಗಳಲ್ಲಿ ವ್ಯಾನು ಅಂದರೆ ಬಹಳ ಕಾಲ ಒಂದೇ ಅರ್ಥವಿತ್ತು, ಮಾರುತಿ ವ್ಯಾನು. 1983ರ ಡಿಸೆಂಬರಿನಲ್ಲಿ ಮಾರುತಿ 800 ಕಾರು ಬಂತು. ಮರುವರ್ಷ, 1984ರಲ್ಲಿ, ಅದೇ 796 ಸಿ.ಸಿ. ಎಂಜಿನ್ನನ್ನು ಹೊತ್ತು ಈ ವ್ಯಾನು ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. ಮದುವೆಗೆ, ಶಾಲೆಗೆ, ಆಸ್ಪತ್ರೆಗೆ, ಸಂತೆಗೆ, ಎಲ್ಲದಕ್ಕೂ ಇದೇ ವ್ಯಾನು! ವಿಚಿತ್ರವೆಂದರೆ ಅಮೆರಿಕದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ರೈಸ್ಲರ್ ಕಂಪೆನಿಯ 'ಮಿನಿವ್ಯಾನು'ಗಳು ಬಂದವು. ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಈ ಗಾಡಿಗಳು 1984ರ ಮಾದರಿಯವು. ತಗ್ಗಾದ ನೆಲ, ಪಕ್ಕಕ್ಕೆ ಸರಿಯುವ ಬಾಗಿಲು, ಒಳಗೆ ಮನೆಮಂದಿಗೆಲ್ಲ ಜಾಗ. ಅಲ್ಲಿನ ಮಕ್ಕಳೊಂದಿಗರಿಗೂ ಬೇಕಾಗಿದ್ದು ಅದೇ.

ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಹೊಸ ಸುರಕ್ಷತಾ ನಿಯಮಗಳಿಗೆ ಅದರ ಮೈಕಟ್ಟು ಒಗ್ಗಲಿಲ್ಲ. ಕಾರಿಗೆ ಮುಂದೆ ಉದ್ದನೆಯ ಬಾನೆಟ್ ಇರುತ್ತದೆ, ಡಿಕ್ಕಿಯಾದರೆ ಏಟಿನ ಬಹುಪಾಲನ್ನು ಅದು ತಿನ್ನುತ್ತದೆ. ಓಮ್ನಿಯಲ್ಲಿ ಅದೇ ಇಲ್ಲ, ಮುಂದೆ ಕುಳಿತವರ ಮೊಣಕಾಲಿಗೂ ರಸ್ತೆಗೂ ನಡುವೆ ಒಂದು ತಗಡು ಅಷ್ಟೆ. ಹಳೆಯ ಓಮ್ನಿ ಇನ್ನೂ ಮನೆಯಲ್ಲಿದ್ದರೆ ಊರೊಳಗಿನ ಓಡಾಟಕ್ಕೆ ಇಟ್ಟುಕೊಳ್ಳಿ. ಹೆದ್ದಾರಿಯ ದೂರ ಪ್ರಯಾಣಕ್ಕೆ ಬೇಡ. ಮಕ್ಕಳನ್ನಂತೂ ಮುಂದಿನ ಸೀಟಿನಲ್ಲಿ ಕೂರಿಸಲೇಬೇಡಿ.

ಓಮ್ನಿಯ ಜಾಗಕ್ಕೆ ಈಗ ಇರುವುದು 2010ರಲ್ಲಿ ಬಂದ ಈಕೋ. ಇನ್ನು ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. 2012ರಲ್ಲಿ ಎರ್ಟಿಗಾ ಬಂತು. 2019ರಲ್ಲಿ ಬಂದ ಟ್ರೈಬರ್ ಗಾಡಿಯ ಹಿಂದಿನ ಸಾಲಿನ ಸೀಟುಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೊರಡಬಹುದು, ಅಷ್ಟು ಜಾಗ ಸಾಮಾನಿಗೆ ಸಿಗುತ್ತದೆ. ಹತ್ತು ಹನ್ನೆರಡು ಮಂದಿ ಇದ್ದರೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಪಡೆಯುವುದೇ ಲೇಸು.

ಹೆಂಗಸರಿಗೆ ಏನು ಲಾಭ?

ಸೀರೆ ಉಟ್ಟು, ಕಂಕುಳಲ್ಲಿ ಮಗುವನ್ನು ಹಿಡಿದು, ಕೈಯಲ್ಲಿ ಬುತ್ತಿಚೀಲ ಹೊತ್ತು ಗಾಡಿ ಹತ್ತುವ ಕಷ್ಟ ನಮಗೆ ಗೊತ್ತು. ವ್ಯಾನಿನ ಬಾಗಿಲು ಅಗಲ, ಮಾಡು ಎತ್ತರ. ತಲೆ ತಗ್ಗಿಸಿ ನುಸುಳಬೇಕಾಗಿಲ್ಲ. ಹಿರಿಯರಿಗೂ ಹತ್ತಿ ಇಳಿಯಲು ಸುಲಭ. ಪಕ್ಕಕ್ಕೆ ಸರಿಯುವ ಬಾಗಿಲಾದ್ದರಿಂದ ಇಕ್ಕಟ್ಟಾದ ದೇವಸ್ಥಾನದ ಬೀದಿಯಲ್ಲೂ ಇಳಿಯಬಹುದು. ಆದರೆ ಮಕ್ಕಳ ಬೆರಳು ಸಿಕ್ಕಿಕೊಳ್ಳುವುದೂ ಇಂಥ ಬಾಗಿಲಲ್ಲೇ! ಬಾಗಿಲು ಹಾಕುವ ಕೆಲಸ ಒಬ್ಬ ದೊಡ್ಡವರದೇ ಆಗಿರಲಿ.

ಇದೆಲ್ಲಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಬಸ್ ಪ್ರಯಾಣವೆಂದರೆ ಎಷ್ಟೋ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. "ನಡುವೆ ಇಳಿಯೋಕಾಗುತ್ತಾ, ಎಲ್ಲಿಗೆ ಹೋಗೋದು?" ಎನ್ನುವ ಸಂಕೋಚ. ಉರಿಮೂತ್ರ, ತಲೆನೋವು, ಮೈ ಬಿಸಿ, ಊರಿಗೆ ಬಂದ ಮೇಲೆ ಎರಡು ದಿನ ಮಲಗುವುದು, ಇವೆಲ್ಲದರ ಮೂಲ ಎಷ್ಟೋ ಸಲ ಇದೇ. ನಮ್ಮದೇ ವ್ಯಾನು ಅಂದರೆ ಬೇಕಾದಲ್ಲಿ ನಿಲ್ಲಿಸಬಹುದು. ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲೋ ಒಳ್ಳೆಯ ಹೋಟೆಲಿನಲ್ಲೋ ನಿಲ್ಲಿಸುವುದೆಂದು ಹೊರಡುವ ಮುನ್ನವೇ ಹೇಳಿಬಿಡಿ. ಬಾಯಾರಿದಾಗ ಧಾರಾಳವಾಗಿ ನೀರು ಕುಡಿಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಗಾಡಿ ಮಾಡಿದ್ದು ಇದಕ್ಕಾಗಿಯೇ ಅಲ್ಲವೆ?

ಎಷ್ಟು ಬೆಲ್ಟೋ ಅಷ್ಟೇ ಜನ

ಇನ್ನು ಮುಖ್ಯವಾದ ಲೆಕ್ಕಕ್ಕೆ ಬರೋಣ. ಹೊರಡುವ ಮುಂಚೆ ಗಾಡಿಯೊಳಗೆ ಹತ್ತಿ ಸೀಟ್‌ಬೆಲ್ಟುಗಳನ್ನು ಎಣಿಸಿ. ಎಷ್ಟು ಬೆಲ್ಟ್ ಇವೆಯೋ ಅಷ್ಟೇ ಜನ. "ಸ್ವಲ್ಪ ಒತ್ತಿ ಕೂತ್ರೆ ಆಯ್ತು" ಎನ್ನುವ ಮಾತಿಗೆ ಜಾಗ ಕೊಡಬೇಡಿ. ಹಿಂದೆ ಕುಳಿತವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿಲ್ಲದೆ, ಅಥವಾ ಚಿಕ್ಕ ಮಕ್ಕಳ ಸೀಟಿಲ್ಲದೆ, ಕರೆದೊಯ್ದರೆ 2019ರ ತಿದ್ದುಪಡಿ ಕಾಯಿದೆಯಂತೆ 1,000 ರೂಪಾಯಿ ದಂಡ.

ದಂಡದ ಮಾತು ಹಾಗಿರಲಿ. "ಮಗು ನನ್ನ ತೊಡೆ ಮೇಲೇ ಇರುತ್ತಲ್ಲ, ಗಟ್ಟಿಯಾಗಿ ಹಿಡ್ಕೋತೀನಿ" ಎನ್ನುವ ತಾಯಂದಿರು ಒಂದು ಸಂಗತಿ ತಿಳಿದಿರಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಢಿಕ್ಕಿ ಹೊಡೆದು ಥಟ್ಟನೆ ನಿಂತರೆ ಒಳಗಿನವರೆಲ್ಲ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತಾರೆ. ಆ ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ತಾಯಿಯ ಕೈಗೂ ಇಲ್ಲ. ಬೆಲ್ಟ್ ಹಾಕದ ತಾಯಿಯ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಪ್ರೀತಿಯಿಂದ ಹಿಡಿದರೆ ಸಾಲದು, ಬೆಲ್ಟ್ ಬೇಕು.

ಸಾಮಾನಿನ ಲೆಕ್ಕವೂ ಇದೆ. ಹಿಂದಿನ ಸಾಲಿನಲ್ಲಿ ಜನ ಕುಳಿತರೆ ಅದರ ಹಿಂದೆ ಉಳಿಯುವುದು ಒಂದೆರಡು ಚೀಲದ ಜಾಗ. ಸಿ.ಎನ್.ಜಿ. ಗಾಡಿಯಾದರೆ ಸಿಲಿಂಡರೇ ಆ ಜಾಗವನ್ನು ನುಂಗಿರುತ್ತದೆ. ಉಳಿದದ್ದನ್ನು ಮೇಲಿನ ಕ್ಯಾರಿಯರಿಗೆ ಏರಿಸೋಣವೆಂದರೆ, ಎತ್ತರದ ಗಾಡಿಯ ತಲೆಯ ಮೇಲೆ ಭಾರ ಹೇರಿದಷ್ಟೂ ತಿರುವಿನಲ್ಲಿ ಅದು ವಾಲುತ್ತದೆ. ಮೇಲೆ ಹಾಸಿಗೆ ಬಟ್ಟೆಯಂಥ ಹಗುರ ಸಾಮಾನು ಮಾತ್ರ ಇರಲಿ, ಭಾರದ್ದೆಲ್ಲ ಕೆಳಗೆ. ಒಬ್ಬೊಬ್ಬರಿಗೆ ಒಂದೇ ಚೀಲ ಎಂದು ನಿಯಮ ಮಾಡಿ. ನಿಯಮ ಯಜಮಾನರಿಗೂ ಸೇರಿ!

ಯಾರು ಎಲ್ಲಿ ಕೂರಬೇಕು?

ಮಂಡಿನೋವಿನ ಹಿರಿಯರು ನಡುಸಾಲಿನಲ್ಲಿ, ಬಾಗಿಲ ಬಳಿ. ಹಿಂದಿನ ಸಾಲು ಚಕ್ರದ ಮೇಲಿರುವುದರಿಂದ ಕುಲುಕು ಹೆಚ್ಚು, ಅದು ಹುಡುಗರಿಗಿರಲಿ. ವಾಂತಿಯ ತೊಂದರೆ ಇರುವವರು ಮುಂದಕ್ಕೆ ಮುಖ ಮಾಡಿ, ದೂರದ ರಸ್ತೆ ಕಾಣುವಂತೆ ಕೂರಬೇಕು. ಎದುರುಬದುರು ಸೀಟಿನ ಗಾಡಿಯಲ್ಲಿ ಹಿಮ್ಮುಖವಾಗಿ ಕೂತರೆ ಘಟ್ಟದಲ್ಲಿ ಹೊಟ್ಟೆ ತೊಳಸುವುದು ಖಂಡಿತ. ಮೊಬೈಲು ನೋಡುವುದೂ ಬೇಡ. ಒಂದು ತುಂಡು ಶುಂಠಿ, ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಒದ್ದೆ ಟವೆಲು ಕೈಗೆ ಸಿಗುವಂತಿರಲಿ.

ಬುತ್ತಿಚೀಲದ ಪಕ್ಕದಲ್ಲಿ, ಎಲ್ಲರ ನಡುವೆ ಸಿಕ್ಕಿಕೊಂಡು ಕೂರುವುದು ಮಾತ್ರ ಯಾವಾಗಲೂ ಮನೆಯಾಕೆಯೇ! ಊರು ಸುತ್ತಿ ಬಂದ ಮೇಲೆ "ಘಟ್ಟ ಹೇಗಿತ್ತು?" ಎಂದು ಕೇಳಿದರೆ ಅವಳಿಗೆ ನೆನಪಿರುವುದು ಚಟ್ನಿ ಡಬ್ಬಿ ಮಗುಚಿದ್ದೊಂದೇ. ಹಾಗಾಗಬಾರದು. ಮಧ್ಯಾಹ್ನದ ಊಟದ ನಂತರ ಎಲ್ಲರೂ ಜಾಗ ಬದಲಿಸಲಿ. ಕಿಟಕಿ ನಿಮಗೂ ಬರಲಿ. ಬುತ್ತಿಚೀಲ ಮಗನ ಹತ್ತಿರ ಹೋಗಲಿ.

ನಾಲ್ಕು ದಿನದ ಒಂದು ಸುತ್ತು

ಹಾಸನದಿಂದ ಹೊರಟು ಶಿವಮೊಗ್ಗ ಸೇರುವ ಒಂದು ದಾರಿ ಹೇಳುತ್ತೇವೆ. ಮೊದಲ ದಿನ ಹಳೇಬೀಡು, ಅಲ್ಲಿಂದ 16 ಕಿ.ಮೀ. ದೂರದ ಬೇಲೂರು, ರಾತ್ರಿ ಚಿಕ್ಕಮಗಳೂರು. ಎರಡನೆಯ ದಿನ ಕಾಫಿ ತೋಟಗಳ ನಡುವೆ ಹೊರನಾಡು, ಸಂಜೆಗೆ ಶೃಂಗೇರಿ. ಮೂರನೆಯ ದಿನ ಆಗುಂಬೆ ಘಟ್ಟ ಇಳಿದು ಉಡುಪಿ, ರಾತ್ರಿ ಮುರ್ಡೇಶ್ವರ. ನಾಲ್ಕನೆಯ ದಿನ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ. ಘಟ್ಟದ ರಸ್ತೆಯಲ್ಲಿ ದಿನಕ್ಕೆ 200 ಕಿ.ಮೀ. ಮೀರದಿದ್ದರೆ ಹಿರಿಯರಿಗೂ ಮಕ್ಕಳಿಗೂ ಆಯಾಸವಿಲ್ಲ.

ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಬೇಸಿಗೆಯಲ್ಲಿ ಹೋದರೆ ಬಂಡೆ ಮಾತ್ರ ನೋಡಿ ಬರಬೇಕು. ಮಳೆ ತಗ್ಗಿದ ಮೇಲೆ, ದಸರಾ ಹೊತ್ತಿಗೆ ಹೋಗುವುದೇ ಸರಿ. ಇನ್ನೊಂದು ದಿನ ಇದ್ದರೆ ಸಾಗರದಿಂದ ಸಿಗಂದೂರಿಗೂ ಹೋಗಬಹುದು. ಮೊದಲೆಲ್ಲ ಹಿನ್ನೀರು ದಾಟಲು ವ್ಯಾನನ್ನೇ ಲಾಂಚಿಗೆ ಹತ್ತಿಸಿ, ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ತೊಂದರೆ ತಪ್ಪಿತು.

ಕಡಲ ತೀರದಲ್ಲಿ ಮಾತ್ರ ಎಚ್ಚರ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಮಕ್ಕಳು ನೀರಿಗಿಳಿದಾಗ ದೊಡ್ಡವರೊಬ್ಬರು ಜೊತೆಯಲ್ಲೇ ಇರಬೇಕು. ಪಾದ ತೊಯ್ದರೆ ಸಾಕು, ಮೊಣಕಾಲು ಮೀರುವುದು ಬೇಡ. ಕೆಂಪು ಬಾವುಟ ಇದ್ದರೆ ಪಾದವೂ ಬೇಡ.

ಘಟ್ಟದ ವಿಷಯದಲ್ಲಿ ಹಳೆಯ ಡ್ರೈವರುಗಳ ಮಾತೊಂದಿದೆ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇಳಿಜಾರಿನುದ್ದಕ್ಕೂ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತುಂಬಿದ ವ್ಯಾನಿಗಂತೂ ಇದು ಬಹಳ ಮುಖ್ಯ. ಕತ್ತಲಾಗುವ ಮುಂಚೆ ತಂಗುವ ಊರು ಸೇರಿಬಿಡಿ. ಊಟಿಯ ಕಡೆ ಹೋಗುವವರಿಗೆ ಇನ್ನೊಂದು ಮಾತು. 2009ರಿಂದ ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ.

ದಾರಿಯ ಬುತ್ತಿ

ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಉತ್ತರ ಕರ್ನಾಟಕದವರಾದರೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ನಾಲ್ಕು ದಿನಕ್ಕೂ ಆಗುತ್ತವೆ. ಹಸಿ ಕಾಯಿ ಹಾಕಿದ ಯಾವುದೂ ಬೇಡ, ಮಧ್ಯಾಹ್ನದೊಳಗೆ ಹಳಸುತ್ತದೆ. ಕೋಡುಬಳೆ, ರವೆ ಉಂಡೆ, ಒಗ್ಗರಣೆ ಹಾಕಿದ ಅವಲಕ್ಕಿ ಡಬ್ಬಿಯಲ್ಲಿರಲಿ.

ಹುಳಿಯಾಗದ ಮೊಸರನ್ನ ಹೀಗೆ ಮಾಡಿ. ಒಂದು ಪಾವು ಅಕ್ಕಿಯನ್ನು ಮೆತ್ತಗೆ ಅನ್ನ ಮಾಡಿ, ಬಿಸಿಯಿರುವಾಗಲೇ ಸೌಟಿನ ಹಿಂಬದಿಯಿಂದ ಹಿಸುಕಿ. ಕಾಯಿಸಿದ ಹಾಲು ಎರಡು ಲೋಟ ಬೆರೆಸಿ. ಉಗುರುಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು, ರುಚಿಗೆ ಉಪ್ಪು, ಹೆಚ್ಚಿದ ಶುಂಠಿ ಸೇರಿಸಿ. ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ದಾರಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ.

ಹೊಳೆದಂಡೆಯಲ್ಲಿ ಬಿಸಿ ಚಹಾ ಮಾಡೋಣವೆಂದು ಗ್ಯಾಸ್ ಸಿಲಿಂಡರ್, ಒಲೆ ಎತ್ತಿಕೊಂಡು ಹೊರಡುವವರಿದ್ದಾರೆ. ಮುಚ್ಚಿದ ಗಾಡಿಯಲ್ಲಿ ಅನಿಲ ಸೋರಿದರೆ ಒಂದು ಕಿಡಿ ಸಾಕು. ಅಡುಗೆಮನೆಯ ಸಿಲಿಂಡರಿನಿಂದಲೇ ಗಾಡಿ ಓಡಿಸುವವರೂ ಉಂಟು. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ಅಂಥ ವ್ಯಾನಿಗೆ ಮಕ್ಕಳನ್ನು ಹತ್ತಿಸಬೇಡಿ. ಚಹಾಕ್ಕೆ ಒಂದು ಫ್ಲಾಸ್ಕು ಸಾಕು.

ಬಾಡಿಗೆ ವ್ಯಾನಾದರೆ

ಹಳದಿ ಬೋರ್ಡಿನ ಗಾಡಿಯನ್ನೇ ಗೊತ್ತುಮಾಡಿ. "ನಮ್ಮ ಪರಿಚಯದವರದು, ಸ್ವಲ್ಪ ಕಡಿಮೆಗೆ ಕೊಡ್ತಾರೆ" ಎಂದು ಬಿಳಿ ಬೋರ್ಡಿನ ಸ್ವಂತ ಗಾಡಿ ಬಾಡಿಗೆಗೆ ಪಡೆದರೆ, ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ, ಟೋಲು ಯಾರದು, ಎಲ್ಲವನ್ನೂ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಟೆಪ್ನಿ, ಜಾಕು ಇವೆಯೇ ಎಂದು ತೆರೆದು ನೋಡಿ. ಡ್ರೈವರಿಗೆ ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಮಲಗಲು ಜಾಗ ಕೊಡಿ. ಅವರ ನಿದ್ದೆ ನಮ್ಮ ಜೀವ. ಗಾಡಿ ನಿಲ್ಲಿಸಿ ದೇವಸ್ಥಾನಕ್ಕೆ ಹೋಗುವಾಗ ಮಲಗಿದ ಮಗುವನ್ನು ಒಳಗೆ ಬಿಟ್ಟು ಬಾಗಿಲು ಹಾಕಬೇಡಿ. ಬಿಸಿಲಲ್ಲಿ ಮುಚ್ಚಿದ ವ್ಯಾನು ಸ್ವಲ್ಪ ಹೊತ್ತಿನಲ್ಲೇ ಒಲೆಯಂತೆ ಕಾಯುತ್ತದೆ.

ಜನರನ್ನು ಕಡಿಮೆ ಮಾಡುವುದೆಂದರೆ ನಿಷ್ಠುರದ ಮಾತೇ. "ಈ ಸಲ ನಾವಿಷ್ಟು ಜನ, ಮುಂದಿನ ಸಲ ನಿಮ್ಮ ಜೊತೆ" ಎಂದು ನಗುನಗುತ್ತಾ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಬೇಸರಿಸಿದರೂ ನಾಲ್ಕು ದಿನ ಅಷ್ಟೆ. ಹೊರಡುವ ಹಿಂದಿನ ರಾತ್ರಿ ಪಟ್ಟಿ ಮಾಡುವಿರಲ್ಲ, ಅದರಲ್ಲಿ ಟಾರ್ಚು, ಔಷಧಿ, ಶಾಲು, ಛತ್ರಿ ಎಲ್ಲ ಇರುತ್ತವೆ. ಅವುಗಳ ಮೇಲೆ, ಮೊದಲ ಸಾಲಿನಲ್ಲಿ, ಹೋಗುವವರ ಹೆಸರು ಮತ್ತು ಅವರವರ ಸೀಟು ಬರೆಯಿರಿ. ನಿಮ್ಮ ಹೆಸರಿನ ಮುಂದೆ 'ಕಿಟಕಿ' ಎಂದು ಬರೆಯಲು ಮರೆಯಬೇಡಿ.

ಪ್ರಯಾಣ ಸುಖಕರವಾಗಲಿ!