ಕಾಣದ ಮಾಲಿಗೆ ಸವಾಲು

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ವ್ಯಾಪಾರಿಗಳಾದ ನಮಗೆ ಹರಾಜು ಹೊಸದಲ್ಲ. ತೊಗರಿಯನ್ನು ಅಂಗೈಗೆ ಹಾಕಿಕೊಂಡು ನೋಡಿಯೇ ಬೆಲೆ ಕೂಗುತ್ತೇವೆ. ಈಗ ನಮ್ಮ ಮಕ್ಕಳು ಬಳಸಿದ ಕ್ರಿಕೆಟ್ ಬ್ಯಾಟು, ಟೆನಿಸ್ ರಾಕೆಟ್ಟುಗಳಿಗೆ ಆನ್‌ಲೈನ್ ಹರಾಜಿನಲ್ಲಿ ಸವಾಲು ಹಾಕಬಯಸುತ್ತಾರೆ.

1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇ ಹರಾಜಿನಲ್ಲಿ ನಮ್ಮ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಡಬಹುದು. ಎದುರಿನವರು ಏರಿಸಿದಂತೆ ಯಂತ್ರವೇ ನಮ್ಮ ಪರವಾಗಿ ಸ್ವಲ್ಪ ಸ್ವಲ್ಪ ಏರಿಸುತ್ತದೆ, ಮಿತಿ ದಾಟುವುದಿಲ್ಲ. ದಾಟಿಸುವುದು ನಮ್ಮ ಹಟ.

ಬಸದಿಯ ಕಲಶದ ಸವಾಲಿನಲ್ಲಿ ಏರಿಸಿದ ಹಣ ದಾನವಾಗುತ್ತದೆ. ಹಳೆಯ ಬ್ಯಾಟಿಗೆ ಏರಿಸಿದ್ದು ನಷ್ಟಕ್ಕೇ ಜಮಾ. ಆದ್ದರಿಂದ ಹೊಸದರ ಅಂಗಡಿ ಬೆಲೆ ವಿಚಾರಿಸಿ, ಸಾಗಾಣಿಕೆ, ಸುಂಕ ಲೆಕ್ಕ ಹಾಕಿ ಮಿತಿ ನಿಶ್ಚಯಿಸಿರಿ. ಹಿಡಿಕೆ, ಅಂಚುಗಳ ಬಿರುಕು ಕಾಣುವಂಥ ಫೋಟೋ ಕೇಳಿರಿ; ವಾಪಸಾತಿಯ ಶರತ್ತು ಓದಿರಿ. ಮಕ್ಕಳಿಗೆ ಬ್ಯಾಟಿನ ಜೊತೆ ಈ ಲೆಕ್ಕವನ್ನೂ ಕೊಡೋಣ.