ಹಳೆಯ ಸಣ್ಣ ಕಾರಿಗೆ ದೊಡ್ಡ ಚಕ್ರ: ಹಾಕಿಸುವ ಮುನ್ನ ಮಾಡಬೇಕಾದ ಲೆಕ್ಕ

ಕುಯಿಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಸಮಯದಲ್ಲಿ, ಮಳೆಗಾಲಕ್ಕೆ ಮೊದಲು ಕಾರಿನ ಟಯರು ಬದಲಿಸುವುದು ನಮ್ಮ ಕಡೆಯ ರೂಢಿ. ಆಗ ಸದಸ್ಯರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹೇಗೂ ಟಯರು ಹಾಕಿಸುತ್ತಿದ್ದೇನೆ, ಒಂದು ಅಂಗುಲ ದೊಡ್ಡ ಚಕ್ರವನ್ನೇ ಹಾಕಿಸಿದರೆ ಹೇಗೆ? ತೋಟದ ರಸ್ತೆಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ತಾಗುವುದಾದರೂ ತಪ್ಪೀತು" ಎಂದು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಕ್ರ ದೊಡ್ಡದಾದ ಮಾತ್ರಕ್ಕೆ ಕಾರು ಎತ್ತರವಾಗುವುದಿಲ್ಲ. ಕೆಲವೊಮ್ಮೆ ದುಡ್ಡು ಕೊಟ್ಟು ಕಾರನ್ನು ಇನ್ನಷ್ಟು ತಗ್ಗಿಸಿಕೊಂಡಂತೆಯೂ ಆಗುತ್ತದೆ. ನಮ್ಮ ಕಡೆ ಇಂದಿಗೂ ಓಡುತ್ತಿರುವ ಎರಡು ಕಾರುಗಳನ್ನು, ಅಂದರೆ 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮತ್ತು 2000ದಲ್ಲಿ ಬಂದ 796 ಸಿ.ಸಿ. ಎಂಜಿನ್ನಿನ ಹಳೆಯ ಆಲ್ಟೊ, ಇವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದರ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಟಯರಿನ ಮೇಲಿನ ಅಂಕಿಗಳು

ಆಲ್ಟೊ ಕಾರಿನ ಟಯರಿನ ಪಕ್ಕೆಯಲ್ಲಿ 145/80 ಆರ್ 12 ಎಂದು ಬರೆದಿರುತ್ತದೆ. 145 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಟಯರಿನ ಪಕ್ಕೆಯ ಎತ್ತರ, ಅಗಲದ ಶೇಕಡಾ 80. ಆರ್ ಎಂದರೆ ರೇಡಿಯಲ್. ಕೊನೆಯ 12 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ.

ಈಗ ಕೂಡುವುದು ಸುಲಭ. 145ರ ಶೇಕಡಾ 80 ಎಂದರೆ 116 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 232. ಒಂದು ಅಂಗುಲಕ್ಕೆ 25.4 ಮಿ.ಮೀ.ನಂತೆ 12 ಅಂಗುಲದ ರಿಮ್ಮು 304.8. ಒಟ್ಟು 536.8 ಮಿ.ಮೀ. ಇದೇ ಚಕ್ರದ ಪೂರ್ತಿ ಎತ್ತರ. ಟಯರು ಆರಿಸುವಾಗ ಮುಖ್ಯವಾಗಿ ನೋಡಬೇಕಾದದ್ದು ಈ ಅಂಕಿ ಮತ್ತು ಪಕ್ಕೆಯ ಎತ್ತರ. ರಿಮ್ಮಿನ ಅಂಗುಲವೊಂದನ್ನೇ ನೋಡಿದರೆ ಸಾಲದು.

ಇನ್ನೊಂದು ಮಾತು. ಅಚ್ಚು ಇರುವುದು ಚಕ್ರದ ನಡುವಿನಲ್ಲಿ. ಆದ್ದರಿಂದ ಚಕ್ರದ ಎತ್ತರ ಎಷ್ಟು ಹೆಚ್ಚಿದರೂ ಕಾರು ಮೇಲೇಳುವುದು ಅದರ ಅರ್ಧದಷ್ಟು ಮಾತ್ರ.

ಆಲ್ಟೊ ಕಾರಿನ ಲೆಕ್ಕ

ಆಲ್ಟೊ ಕಾರಿಗೆ 13 ಅಂಗುಲದ ರಿಮ್ಮು ಹಾಕಿಸಲು ಹೊರಟವರಿಗೆ ಸಾಮಾನ್ಯವಾಗಿ ಅಂಗಡಿಯಲ್ಲಿ ತೋರಿಸುವ ಟಯರು 155/65 ಆರ್ 13. ಇದರ ಪಕ್ಕೆ 100.75 ಮಿ.ಮೀ., ಪೂರ್ತಿ ಎತ್ತರ 531.7 ಮಿ.ಮೀ. ಅಂದರೆ ಮೂಲ ಚಕ್ರಕ್ಕಿಂತ 5 ಮಿ.ಮೀ. ಕಡಿಮೆ. ರಿಮ್ಮು ಒಂದು ಅಂಗುಲ ದೊಡ್ಡದಾದರೂ ಕಾರು ಎರಡೂವರೆ ಮಿ.ಮೀ. ತಗ್ಗಿತು!

ಇನ್ನು 155/70 ಆರ್ 13 ಹಾಕಿಸಿದರೆ ಎತ್ತರ 547.2 ಮಿ.ಮೀ. ಕಾರು ಮೇಲೇಳುವುದು 5.2 ಮಿ.ಮೀ. ಇಷ್ಟಕ್ಕಾಗಿ ಸ್ಟೆಪ್ನಿಯೂ ಸೇರಿ ಐದು ರಿಮ್ಮು, ಐದು ಟಯರು ಕೊಳ್ಳಬೇಕೆ ಎಂಬುದನ್ನು ಸದಸ್ಯರೇ ಯೋಚಿಸಬೇಕು.

ಮಾರುತಿ 800ರ ಲೆಕ್ಕ

ಇದರ ಟಯರು 145/70 ಆರ್ 12. ಪಕ್ಕೆ 101.5, ಪೂರ್ತಿ ಎತ್ತರ 507.8 ಮಿ.ಮೀ. ಇಲ್ಲಿ ಆಸೆ ಹುಟ್ಟಲು ಕಾರಣವಿದೆ. ಈ ಕೆಳಗಿನ ಲೆಕ್ಕವನ್ನು ನೋಡಿರಿ.

145/80 ಆರ್ 12: ಎತ್ತರ 536.8, ಕಾರು ಏಳುವುದು 14.5 ಮಿ.ಮೀ.; ಹೆಚ್ಚಳ ಶೇಕಡಾ 5.7.
155/65 ಆರ್ 13: ಎತ್ತರ 531.7, ಏಳುವುದು ಸುಮಾರು 12 ಮಿ.ಮೀ.; ಹೆಚ್ಚಳ ಶೇಕಡಾ 4.7.
155/70 ಆರ್ 13: ಎತ್ತರ 547.2, ಏಳುವುದು 19.7 ಮಿ.ಮೀ.; ಹೆಚ್ಚಳ ಶೇಕಡಾ 7.8.

ಮೇಲುನೋಟಕ್ಕೆ ಇದು ಲಾಭವೇ. ಅದರಲ್ಲೂ ಮೊದಲನೆಯ ಟಯರಿಗೆ ರಿಮ್ಮನ್ನೂ ಬದಲಿಸಬೇಕಾಗಿಲ್ಲ. ಆದರೆ ಚಕ್ರದ ಎತ್ತರದ ವ್ಯತ್ಯಾಸ ಶೇಕಡಾ 3ನ್ನು ಮೀರಬಾರದೆಂಬುದು ಟಯರು ಬಲ್ಲವರು ಸಾಮಾನ್ಯವಾಗಿ ಪಾಲಿಸುವ ನಿಯಮ. ಈ ಮೂರೂ ಅದನ್ನು ಮೀರುತ್ತವೆ. ನಿಯಮದೊಳಗೇ ಇದ್ದರೆ 800 ಆಗಲಿ ಆಲ್ಟೊ ಆಗಲಿ ಮೇಲೇಳುವುದು ಹೆಚ್ಚೆಂದರೆ 8 ಮಿ.ಮೀ., ಅಂದರೆ ಸುಮಾರು ಒಂದು ಕಾಫಿ ಬೀಜದ ಉದ್ದ.

ಮಿತಿ ಮೀರಿದರೆ ಆಗುವುದೇನು?

ಮೊದಲನೆಯದು, ಏರಿನಲ್ಲಿ ಎಳೆಯುವ ಶಕ್ತಿ. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಎಂಜಿನ್ನು ಹೆಚ್ಚು ಹೆಣಗಬೇಕು. 800ಕ್ಕೆ 145/80 ಹಾಕಿದರೆ ಎಳೆತದಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಹೋಯಿತೆಂದು ತಿಳಿಯಬೇಕು. ಬಯಲುಸೀಮೆಯ ರಸ್ತೆಯಲ್ಲಿ ಇದು ಗೊತ್ತಾಗಲಿಕ್ಕಿಲ್ಲ. ನಾಲ್ಕು ಜನ ಕುಳಿತು, ಹಿಂದೆ ಎರಡು ಮೂಟೆ ಹೇರಿ ತೋಟದಿಂದ ಮೇಲಿನ ಟಾರು ರಸ್ತೆಗೆ ಹತ್ತುವಾಗ ಒಂದನೆಯ ಗೇರಿನಲ್ಲೂ ಅರ್ಧ ಕ್ಲಚ್ಚು ಒತ್ತಬೇಕಾಗುತ್ತದೆ. ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ.

ಎರಡನೆಯದು ಬ್ರೇಕು, ಮತ್ತು ಇದು ಹೆಚ್ಚಿನ ವಿಷಯ. ಅದೇ ಬ್ರೇಕು ದೊಡ್ಡ ಚಕ್ರವನ್ನು ಹಿಡಿಯಬೇಕಾದಾಗ, ಪೆಡಲನ್ನು ಅಷ್ಟೇ ಒತ್ತಿದರೂ ನೆಲದ ಮೇಲೆ ಸಿಗುವ ಹಿಡಿತ ಕಡಿಮೆ. ಗೇರಿನಲ್ಲಿ ಇಳಿಸುವಾಗ ಎಂಜಿನ್ನು ಕಾರನ್ನು ತಡೆಯುವ ಬಲವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಮಳೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವ ಹಳೆಯ ಕಾರಿಗೆ ಇದು ಸಣ್ಣ ಮಾತಲ್ಲ.

ಮೂರನೆಯದು ಮೀಟರು. ಒಂದು ಕಿಲೋಮೀಟರಿಗೆ ಮೂಲ ಚಕ್ರ ಸುಮಾರು 627 ಸುತ್ತು ಸುತ್ತಿದರೆ 145/80ರ ಚಕ್ರ 593 ಸುತ್ತು ಸುತ್ತುತ್ತದೆ. ಆದ್ದರಿಂದ ಮೀಟರಿನ ಮುಳ್ಳು ಹಿಂದೆ 60 ತೋರಿಸುತ್ತಿದ್ದ ವೇಗಕ್ಕೆ ಈಗ 57ರ ಹತ್ತಿರ ತೋರಿಸುತ್ತದೆ. ಓಡಿದ ಕಿಲೋಮೀಟರೂ ಕಡಿಮೆ ಬೀಳುತ್ತದೆ. "ಹೊಸ ಟಯರು ಹಾಕಿದ ಮೇಲೆ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ" ಎಂಬ ದೂರಿನಲ್ಲಿ ಒಂದು ಪಾಲು ಈ ಮೀಟರಿನದೇ.

ನಾಲ್ಕನೆಯದು ಜಾಗ. ಖಾಲಿ ಕಾರಿನಲ್ಲಿ ಉಜ್ಜದ ಟಯರು ಭಾರ ಹೇರಿದಾಗ ಮಡ್‌ಗಾರ್ಡಿಗೆ ಉಜ್ಜೀತು. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹಿಂದೆ ಭಾರವಿಟ್ಟು, ಒಳಮಗ್ಗುಲಲ್ಲಿ ಬ್ರೇಕಿನ ಪೈಪು ಮತ್ತು ಶಾಕ್ ಅಬ್ಸಾರ್ಬರಿಗೆ ಟಯರು ತಾಗುವುದೇ ಎಂದು ನೋಡದೆ ಯಾವ ಬೇರೆ ಅಳತೆಯನ್ನೂ ಒಪ್ಪಬಾರದು.

ಪಕ್ಕೆ ಮತ್ತು ರಿಮ್ಮು

ಜಲ್ಲಿ, ಕೊರಕಲು, ಮರದ ಬೇರು ಇರುವ ದಾರಿಯಲ್ಲಿ ಪೆಟ್ಟನ್ನು ನುಂಗುವುದು ಟಯರಿನ ಪಕ್ಕೆ. ಪಕ್ಕೆ ಎತ್ತರವಾಗಿದ್ದಷ್ಟೂ ರಿಮ್ಮು ಬದುಕುತ್ತದೆ. ಆಲ್ಟೊಗೆ 155/65 ಹಾಕಿದರೆ ಪಕ್ಕೆಯಲ್ಲಿ 15 ಮಿ.ಮೀ. ಕಳೆದುಕೊಳ್ಳುತ್ತೇವೆ. ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಕ್ಕೆ ಒಡೆದರೆ ಆ ಟಯರು ಪಂಕ್ಚರಿನ ಅಂಗಡಿಯಲ್ಲಿ ರಿಪೇರಿಯಾಗುವಂಥದ್ದಲ್ಲ.

ಅಲಾಯ್ ಚಕ್ರ ಹಾಕಿಸಬೇಕೆನ್ನುವವರೂ ಒಂದು ವಿಷಯ ನೆನಪಿಡಬೇಕು. ಉಕ್ಕಿನ ರಿಮ್ಮು ಪೆಟ್ಟಿಗೆ ಬಗ್ಗುತ್ತದೆ. ಸಣ್ಣ ಬಾಗನ್ನು ಊರಿನ ವರ್ಕ್‌ಶಾಪಿನಲ್ಲೇ ತಟ್ಟಿ ಸರಿಮಾಡಿಸಬಹುದು. ಅಲಾಯ್ ರಿಮ್ಮು ಬಲವಾದ ಪೆಟ್ಟಿಗೆ ಬಿರುಕು ಬಿಡುವ ಸಂಭವ ಹೆಚ್ಚು.

ರಿಮ್ಮು ಬದಲಿಸಲೇಬೇಕಾದವರು ನಟ್ಟಿನ ತೂತುಗಳ ವೃತ್ತದ ಅಳತೆ ನೋಡಬೇಕು. 800 ಮತ್ತು ಹಳೆಯ ಆಲ್ಟೊ ಎರಡಕ್ಕೂ ಅದು ನಾಲ್ಕು ತೂತು, 114.3 ಮಿ.ಮೀ. ಹತ್ತಿರದ ಅಳತೆಯದನ್ನು ಎಳೆದು ಕೂರಿಸುವುದು, ನಡುವೆ ಬಿಲ್ಲೆ ಕೊಟ್ಟು ಚಕ್ರವನ್ನು ಹೊರಕ್ಕೆ ತರುವುದು, ಎರಡೂ ಅಪಾಯ. ಚಕ್ರ ಹೊರಕ್ಕೆ ಬಂದಷ್ಟೂ ಸ್ಟಿಯರಿಂಗು ಭಾರವಾಗುತ್ತದೆ, ಬೇರಿಂಗು ಬೇಗ ಹೋಗುತ್ತದೆ.

ಭಾರದ ಅಂಕಿ

ಅಳತೆಯ ಮುಂದೆ 74 ಟಿ ಎಂದೋ 69 ಎಸ್ ಎಂದೋ ಇರುತ್ತದೆ. ಅಂಕಿ ಭಾರಕ್ಕೆ, ಅಕ್ಷರ ವೇಗಕ್ಕೆ. 69 ಎಂದರೆ ಒಂದು ಟಯರು ಹೊರಬಲ್ಲದ್ದು 325 ಕಿಲೋ, 73 ಎಂದರೆ 365, 74 ಎಂದರೆ 375, 75 ಎಂದರೆ 387. ಎಸ್ ಎಂದರೆ ಗಂಟೆಗೆ 180 ಕಿ.ಮೀ. ವರೆಗೆ, ಟಿ ಎಂದರೆ 190. ವೇಗದ ಅಕ್ಷರ ನಮ್ಮ ರಸ್ತೆಗಳಲ್ಲಿ ತೊಂದರೆ ಕೊಡುವುದಿಲ್ಲ, ಭಾರದ ಅಂಕಿ ಕೊಡುತ್ತದೆ. ಆಲ್ಟೊವಿನ 145/80ಕ್ಕೆ 74 ಇದ್ದರೆ 155/65 ಆರ್ 13ಕ್ಕೆ 73. ಅಗಲವಾದ ಟಯರು ಹೆಚ್ಚು ಹೊರುತ್ತದೆಂಬುದು ಎಲ್ಲಾ ಕಡೆಯೂ ನಿಜವಲ್ಲ. ಹಿಂದೆ ಹೇರಿದ 50 ಕಿಲೋ ಚೀಲಗಳ ಭಾರ ಬಹುಪಾಲು ಹಿಂದಿನ ಎರಡೇ ಟಯರಿನ ಮೇಲೆ ಬೀಳುವುದರಿಂದ, ಮೂಲ ಅಂಕಿಗಿಂತ ಕಡಿಮೆಯದನ್ನು ಕೊಳ್ಳಬಾರದು.

ಕಾನೂನಿನ ಮಾತು

ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಸ್ವಂತ ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ಕಾರನ್ನು ಪರೀಕ್ಷೆಗೆ ಒಯ್ಯಬೇಕು. ಅಪಘಾತವಾದರೆ ವಿಮೆಯವರೂ ಚಕ್ರವನ್ನು ನೋಡುತ್ತಾರೆ. ಕಾರಿನ ಕೈಪಿಡಿಯಲ್ಲಿಲ್ಲದ ಅಳತೆ ಹಾಕಿಸುವವರು ಮೊದಲು ಇವರಿಬ್ಬರನ್ನೂ ವಿಚಾರಿಸುವುದು ಲೇಸು. ಟಯರಿನ ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಮೇಲೆ ಓಡಿಸುವುದೂ ನಿಯಮಕ್ಕೆ ವಿರುದ್ಧ.

ಹಾಗಾದರೆ ಹೊಟ್ಟೆ ತಾಗುವುದಕ್ಕೆ ಪರಿಹಾರ?

ಹದಿನೈದು ವರ್ಷದ ಕಾರು ತಗ್ಗಿರುವುದಕ್ಕೆ ಬಹುಮಟ್ಟಿಗೆ ಕಾರಣ ಟಯರಲ್ಲ, ಕುಸಿದ ಸ್ಪ್ರಿಂಗು. ಪರೀಕ್ಷೆ ಸುಲಭ. ಖಾಲಿ ಕಾರನ್ನು ಸಮನೆಲದಲ್ಲಿ, ಕಾಫಿ ಕಣದ ಮೇಲೆ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿಯಿರಿ. ಎಡಬಲಕ್ಕೆ ವ್ಯತ್ಯಾಸವಿದ್ದರೆ, ಅಥವಾ ಅದೇ ಮಾದರಿಯ ಕಡಿಮೆ ಓಡಿದ ಕಾರಿಗಿಂತ ಒಂದೆರಡು ಸೆಂಟಿಮೀಟರು ಕಡಿಮೆ ಬಂದರೆ, ದೋಷ ಸ್ಪ್ರಿಂಗಿನದು. ಈ ಅಳತೆಗೆ ಟಯರಿನ ಸಂಬಂಧವಿಲ್ಲ. ಕುಸಿದ ಸ್ಪ್ರಿಂಗು, ಸತ್ತ ಶಾಕ್ ಅಬ್ಸಾರ್ಬರು ಬದಲಿಸಿದರೆ ಮರಳಿ ಸಿಗುವ ಎತ್ತರ, ನಿಯಮದೊಳಗಿನ ಯಾವ ಟಯರು ಕೊಡುವ 8 ಮಿ.ಮೀ.ಗಿಂತಲೂ ಹೆಚ್ಚು. ಗೇರಿಗೂ ಬ್ರೇಕಿಗೂ ಅದರಿಂದ ಬಾಧೆಯಿಲ್ಲ.

ಆದ್ದರಿಂದ ಸದಸ್ಯರಿಗೆ ನನ್ನ ಸಲಹೆ ಇಷ್ಟು. ಆಲ್ಟೊ ಇರುವವರು 145/80 ಆರ್ 12ನ್ನು ಬಿಡಬೇಡಿ. ಇದ್ದುದರಲ್ಲಿ ನಮ್ಮ ದಾರಿಗೆ ಅದೇ ಒಳ್ಳೆಯದು. 800 ಇರುವವರು, ಅದರಲ್ಲೂ ಘಟ್ಟ ಹತ್ತಿಳಿಯುವವರು, ಮೂಲ ಅಳತೆಯಲ್ಲೇ ಇದ್ದು ಉಳಿದ ಹಣವನ್ನು ಸ್ಪ್ರಿಂಗಿಗೆ ಹಾಕಿರಿ. ಟಯರು ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕಂಕಿಯ ತಾರೀಖನ್ನು ಓದಿರಿ. 2324 ಎಂದರೆ 2024ರ 23ನೆಯ ವಾರ. ಮುಂದಿನ ಎರಡು ಟಯರೂ ಒಂದೇ ಅಳತೆ, ಒಂದೇ ಮಾದರಿಯವಾಗಿರಲಿ. ಈ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳೇ ಆದ್ದರಿಂದ ಅವೆರಡರ ಎತ್ತರ ಬೇರೆಯಾದರೆ ಗೇರ್‌ಬಾಕ್ಸಿನೊಳಗಿನ ಡಿಫರೆನ್ಷಿಯಲ್ ಸವೆಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಗಾಳಿಯನ್ನು ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಹೇಳಿದಷ್ಟೇ ಹಾಕಿಸಿ, ಚಕ್ರ ಬಿಚ್ಚಿ ಹಾಕಿ ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿರಿ.

— ಕಾರ್ಯದರ್ಶಿ