ಉದ್ಯಾನ ಯಾರ ಸೊತ್ತು?

ಸಂಜೆಯಾಗುತ್ತಿದ್ದಂತೆ ಮಂಗಳೂರಿನ ನೆಹರೂ ಮೈದಾನಕ್ಕೆ ಜೀವ ಬರುತ್ತದೆ. ಒಂದು ಬದಿಯಲ್ಲಿ ಫುಟ್ಬಾಲ್, ಇನ್ನೊಂದು ಬದಿಯಲ್ಲಿ ಕ್ರಿಕೆಟ್. ಕದ್ರಿ ಉದ್ಯಾನದಲ್ಲಿ ವಾಯುವಿಹಾರಿಗಳು, ಬಾವುಟಗುಡ್ಡೆಯ ಠಾಗೋರ್ ಪಾರ್ಕಿನಲ್ಲಿ ಗಾಳಿ ಸೇವಿಸಲು ಬಂದವರು. ಇವೆಲ್ಲ ಊರವರ ಜಾಗಗಳೇ. ಆದರೆ ಅವು ಹೇಗಿರಬೇಕೆಂದು ಹೇಳುವ ಹಕ್ಕು ಊರವರಿಗೆ ಎಷ್ಟಿದೆ?

ಇಂಥ ಜಾಗಗಳು ಬರೀ ಹುಲ್ಲು, ಬೆಂಚುಗಳಲ್ಲ. ಊರಿನ ನೆನಪೂ ಹೌದು. 1837ರ ರೈತ ಬಂಡಾಯದಲ್ಲಿ ಹೋರಾಟಗಾರರು ಕಂಪೆನಿ ಆಡಳಿತವನ್ನು ಕಿತ್ತೊಗೆದು ಬಾವುಟ ಹಾರಿಸಿದ್ದರಿಂದ ಬಾವುಟಗುಡ್ಡೆಗೆ ಆ ಹೆಸರು ಬಂತೆಂಬುದು ಪ್ರತೀತಿ. ಬಂಡಾಯದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲೇ ಸ್ಥಾಪನೆಯಾಯಿತು. ಕದ್ರಿಯಲ್ಲಿದ್ದ ಪ್ರಾಣಿಗಳು ಪಿಲಿಕುಳಕ್ಕೆ ಹೋದರೂ, ಅಲ್ಲಿನ ಪುಟಾಣಿ ರೈಲನ್ನು ಹತ್ತಿದ ಮಕ್ಕಳು ದೊಡ್ಡವರಾದ ಮೇಲೂ ಅದನ್ನು ಮರೆತಿಲ್ಲ.

ನೆನಪಿನಷ್ಟೇ ಮುಖ್ಯವಾದದ್ದು ಕಾನೂನು. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗಾಗಿ ಕರ್ನಾಟಕದಲ್ಲಿ 1985ರ ಪ್ರತ್ಯೇಕ ಕಾಯಿದೆಯೇ ಇದೆ. ಇದರ ಬೆನ್ನಲ್ಲೇ ಒಂದು ದೊಡ್ಡ ತೀರ್ಪೂ ಬಂತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಉದ್ಯಾನಕ್ಕೆ ಅದು ಬದಲಿಯಲ್ಲ. ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂಬುದು ಆ ತೀರ್ಪಿನ ಸಾರ.

ಕೋರ್ಟಿಗೆ ಹೋಗುವ ಮೊದಲೇ ಮಾತಾಡಲು ದಾರಿ ಇಲ್ಲವೆ? ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆನ್ನುತ್ತದೆ. ಮಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 2011ರಲ್ಲೇ 4 ಲಕ್ಷ ದಾಟಿತ್ತು.

ಇಲ್ಲಿ ಸ್ಥಳೀಯರ ಮಾತು ಬೇಕಾಗುವುದು ಮಳೆಯ ಕಾರಣಕ್ಕೂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ಊರಲ್ಲಿ ನಯವಾದ ಹೆಂಚು ಹಾಸಿದ ದಾರಿ ಪಾಚಿಗಟ್ಟಿ ಜಾರುತ್ತದೆ. ಚರಂಡಿಯಿಲ್ಲದ ಆಟದ ಬಯಲು ಕೆರೆಯಾಗುತ್ತದೆ. ಮಾಡು ಇಲ್ಲದ ಬೆಂಚು ನಾಲ್ಕು ತಿಂಗಳು ಖಾಲಿ. ಬೇಸಿಗೆಯಲ್ಲಾದರೆ ಸೆಕೆಗೆ ಮರದ ನೆರಳೇ ಗತಿ. ಇದು ದಿನಾ ನಡೆಯುವ ಅಜ್ಜನಿಗೆ, ಆಡುವ ಹುಡುಗನಿಗೆ ಗೊತ್ತು. ದೂರದಲ್ಲಿ ಕುಳಿತು ನಕ್ಷೆ ಬರೆಯುವವರಿಗೆ ಹೇಳಬೇಕಾಗುತ್ತದೆ.

ಹಾಗೆಂದು ಎಲ್ಲರ ಬೇಡಿಕೆ ಒಂದೇ ಇರುವುದಿಲ್ಲ. ಒಬ್ಬರಿಗೆ ಮೌನ ಬೇಕು, ಇನ್ನೊಬ್ಬರಿಗೆ ಆಟ. ಒಬ್ಬರಿಗೆ ದೀಪ, ಮತ್ತೊಬ್ಬರಿಗೆ ಶೌಚಾಲಯ. ಟೆಂಡರ್ ಕರೆದ ಮೇಲೆ ಕೇಳಿದರೆ ಉಳಿಯುವುದು ಜಗಳ ಮಾತ್ರ. ಮೊದಲೇ ಕೇಳಿದರೆ ಜಾಗ ಹಂಚಿಕೊಳ್ಳಬಹುದು. ತಾನು ಹೇಳಿ ಮಾಡಿಸಿದ ಬೆಂಚನ್ನು ಯಾರೂ ಸುಲಭಕ್ಕೆ ಮುರಿಯಗೊಡುವುದಿಲ್ಲ.